ಕಪಾಟಿನೊಳಗಿನ ಕೀಂ ಕೀಂ

ನಾನು ವಾಚ್ ರಿಪೇರಿ ಮಾಡುವವನು. ದೆವ್ವ ಗಿವ್ವ ಎಂದರೆ ನಗುತ್ತಿದ್ದೆ. ಹೋದ ತಿಂಗಳು ಒಂದು ದಿನ ನಮ್ಮ ಬೆಕ್ಕು ಮನೆಗೆ ಬರಲಿಲ್ಲವೆಂದು ಅಮ್ಮ ಊಟ ಬಿಟ್ಟು ಕೂತಳು. ಅದರ ಕೊರಳಪಟ್ಟಿಯಲ್ಲಿ ಟ್ರ್ಯಾಕರ್ ಹಾಕಿದ್ದೆವು. ನನ್ನ ಮೊಬೈಲ್ ಅದನ್ನು ಎದುರಿನ ಖಾಲಿ ಮನೆಯೊಳಗೆ ತೋರಿಸಿತು. ಮಾಲೀಕರಿಂದ ಬೀಗದ ಕೈ ಇಸಿದುಕೊಂಡು ಹೆಂಡತಿಯೊಂದಿಗೆ ಹೋದೆ.

ಹೊರಗೆ ಸುಡುವ ಬಿಸಿಲು. ಒಳಗೆ ಮಾತ್ರ ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಮೊಬೈಲಿನಲ್ಲಿ ಟ್ರ್ಯಾಕರ್ ಸದ್ದು ಮಾಡಿಸುವ ಬಟನ್ ಒತ್ತಿದೆ. ಕಪಾಟಿನೊಳಗೆ ಅದು ಕೀಂ ಕೀಂ ಎಂದಿತು. ತೆರೆದರೆ ಖಾಲಿ! ಮತ್ತೆ ಒತ್ತಿದರೆ ಸದ್ದು ನಮ್ಮ ಬೆನ್ನ ಹಿಂದೆ.

“ಬೆಕ್ಕು ಹುಡುಕೋಕೆ ಬಂದಿದೀವೋ, ಕಣ್ಣಾಮುಚ್ಚಾಲೆ ಆಡೋಕೋ?” ಎಂದು ಹೆಂಡತಿ ರೇಗಿದಳು.

ಅಷ್ಟರಲ್ಲಿ ಅವಳ ಫೋನಿಗೆ ಅಮ್ಮನ ಕರೆ ಬಂತು. “ಬೆಕ್ಕು ಬಂತು ಕಣೇ, ನನ್ನ ತೊಡೆ ಮೇಲೇ ಇದೆ.”

“ಕೊರಳಲ್ಲಿ ಪಟ್ಟಿ ಇದ್ಯಾ ಅತ್ತೆ?”

“ಇದೆ. ಅದೇನೋ ಕೀಂ ಕೀಂ ಅಂತಿದೆ, ನಿಲ್ಸಮ್ಮಾ.”

ಇಲ್ಲೂ ಕೀಂ ಕೀಂ ಸದ್ದು ಕೇಳುತ್ತಲೇ ಇತ್ತು. ತಣ್ಣನೆಯದೇನೋ ಮೆತ್ತಗೆ ನನ್ನ ಕಾಲಿಗೆ ಮೈ ಉಜ್ಜಿತು. ಓಡುವ ಗಾಬರಿಯಲ್ಲಿ ಹೆಂಡತಿ ದಿನಾ ಬೆಕ್ಕನ್ನು ಕರೆಯುವ ಅಭ್ಯಾಸಬಲದಿಂದ, “ಬಾ ಕಂದಾ, ಮನೆಗೆ ಹೋಗೋಣ” ಎಂದುಬಿಟ್ಟಳು.

ನಮ್ಮ ಮನೆಯಲ್ಲಿರುವುದು ಒಂದೇ ಬೆಕ್ಕು. ಕಣ್ಣು ಮಂಜಾದ ಅಮ್ಮ ಮಾತ್ರ ಅಂದಿನಿಂದ ದಿನಾ ಗೊಣಗುತ್ತಾಳೆ: “ಎರಡೂ ತೊಡೆ ಜೋಮು ಹಿಡೀತು, ಒಂದನ್ನಾದ್ರೂ ಎತ್ಕೊಳ್ರೋ!”