ಬೆಂಜೀನ್ ಕೊಳವೆಯ ಗುಟ್ಟು

"ಅಕ್ಕಾರ, ಇವತ್ತ ಸಂಜೀಕ ನನ್ನ ಪಿಎಚ್‌ಡಿ ರದ್ದ ಮಾಡ್ತಾರ್ರಿ," ಎನ್ನುತ್ತ ನೀತಾ ಸ್ವಾರಗೇಟಿನ ನಮ್ಮ ಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. ನನ್ನ ಗೆಳತಿ ಭುವನೇಶ್ವರಿ ಚಹಾ ಬಿಟ್ಟು ಎದ್ದಳು. ರಸಾಯನಶಾಸ್ತ್ರದ ಪಾಠ ಹೇಳುವುದನ್ನು ನಿಲ್ಲಿಸಿ ಆಕೆ ಪತ್ತೇದಾರಿಕೆಗೆ ಇಳಿದಾಗಿನಿಂದ ನಮ್ಮ ಮನೆಯಲ್ಲಿ ಬಿಸಿ ಚಹಾ ಕುಡಿದವರಿಲ್ಲ. ನನಗೆ ಅದೊಂದು ಸಿಟ್ಟು.

ದಡ್ಡಿಯಾದ ನನಗೂ ತಿಳಿಯುವಂತೆ ನೀತಾ ಹೇಳಿದಳು. ದೊಡ್ಡ ಅಯಸ್ಕಾಂತದೊಳಗೆ ಬೆಂಜೀನ್ ತುಂಬಿದ ಗಾಜಿನ ಕೊಳವೆ ಇಟ್ಟು ಆ ದ್ರವದ ಪರಮಾಣು ಬೀಜಗಳನ್ನು ರೇಡಿಯೋ ತರಂಗದಿಂದ ಕೆಣಕಿದರೆ, ಅವು ಮತ್ತೆ ಶಾಂತವಾಗಲು ಇಂತಿಷ್ಟು ಹೊತ್ತು ಬೇಕು. ಅಣುಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಆಕೆ ಆ ಹೊತ್ತನ್ನು ಮೊದಲೇ ಹೇಳಿದ್ದಳು. ಹದಿನೈದು ದಿನದ ಹಿಂದೆ ಮಾಡಿದ ಅಳತೆಯೂ ಹಾಗೇ ಬಂದಿತ್ತು. ಇಷ್ಟು ತಾಳೆಯಾಗುವ ಅಳತೆ ಕಂಪ್ಯೂಟರ್ ನೋಡಿ ಹೆಣೆದ ಸುಳ್ಳು ಎಂದು ಆಕೆಯ ಗೈಡ್ ಮಧುಕರರೇ ದೂರು ಕೊಟ್ಟರು. ವಿಚಾರಣೆಯ ಸಮಿತಿಯವರು ಅದೇ ಕೊಳವೆಯನ್ನು ಮತ್ತೆ ಅಳೆಸಿದಾಗ, ಬೀಜಗಳು ಮೂರು ಪಟ್ಟು ಬೇಗ ಶಾಂತವಾಗಿದ್ದವು.

"ಕೊಳವೀ ಹೆಂಗ ಮುಚ್ಚಿದ್ದಿ?" ಭುವನೇಶ್ವರಿ ಕೇಳಿದಳು.

"ಒಳಗಿನ ಗಾಳಿ ಪೂರಾ ಎಳದು, ಬಾಯಿ ಬೆಂಕ್ಯಾಗ ಕರಗಿಸಿ ಮುಚ್ಚೀನ್ರಿ. ಹಂಗ ಮುಚ್ಚಿದ್ದು ನಾಕ ಕೊಳವೀ ಅದಾವ್ರಿ, ನಾಕೂ ಒಂದ ಉದ್ದ."

ಪ್ರಯೋಗಾಲಯದಲ್ಲಿ ಕಪಾಟು ತೆರೆದವನು ಯಂತ್ರ ನೋಡಿಕೊಳ್ಳುವ ಏಕನಾಥ. ಸ್ಕೂಟರಿನಿಂದ ಬಿದ್ದು ತಿಂಗಳಿಂದ ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ. ಕಪಾಟಿನ ಕೀಲಿ ಇದ್ದದ್ದು ಅವನ ಹತ್ತಿರ ಮತ್ತು ಮಧುಕರರ ಹತ್ತಿರ ಮಾತ್ರ. ಸ್ಟ್ಯಾಂಡಿನಲ್ಲಿ ಬೇರೆ ಬೇರೆ ದ್ರವಗಳ ನಾಲ್ಕು ಕೊಳವೆಗಳಿದ್ದವು. ಬೆಂಜೀನಿನದು ಉಳಿದವುಗಳಿಗಿಂತ ಒಂದು ಬೆರಳು ಗಿಡ್ಡ.

ಭುವನೇಶ್ವರಿ ನೀತಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ದ್ರವದಾಗ ಗಾಳಿಯ ಆಕ್ಸಿಜನ್ ಸೇರೇದ ಅಂತ ತಿಳಕೊಂಡು ಲೆಕ್ಕ ಹಾಕು," ಎಂದಳು. ಹುಡುಗಿ ಎರಡು ಸಲ ತಪ್ಪು ಒತ್ತಿ ಅಳಿಸಿದಳು.

ಸಂಜೆ ಸಮಿತಿ ಕೂತಿತು. ಅಧ್ಯಕ್ಷ ಮುರುಗೆಪ್ಪನವರ ಮುಂದೆ ಭುವನೇಶ್ವರಿ ಎರಡು ಕೊಳವೆಗಳನ್ನು ಜೋಡಿಸಿಟ್ಟಳು.

"ಇದರ ತುದಿ ಕತ್ತರಿಸಿ ಮತ್ತ ಮುಚ್ಯಾರ್ರಿ, ಅದಕ್ಕ ಗಿಡ್ಡ ಆಗೇದ. ಆದ್ರ ಗಾಳಿ ಎಳದಿಲ್ಲ. ಆಕ್ಸಿಜನ್ ತಾನೇ ಸಣ್ಣ ಅಯಸ್ಕಾಂತ ಇದ್ದಂಗ; ಅದು ಸೇರಿದ್ರ ಬೀಜಗಳು ಬೇಗ ಶಾಂತ ಆಗ್ತಾವ. ಅದನ್ನ ಸೇರಿಸಿ ಲೆಕ್ಕ ಹಾಕಿದ್ರ ನಿಮ್ಮ ಹೊಸಾ ಅಳತೀನ ಬರ್ತದ, ನೋಡ್ರಿ. ಹಂಗಾದ್ರ ಈಕಿಯ ಹಳೇ ಅಳತೀನೂ ಖರೇ. ಮುಚ್ಚಾಕ ಎರಡೂ ಕೈಲೆ ಕೊಳವೀ ತಿರುಗಿಸಬೇಕು. ಕೀಲಿ ಇರೋದು ಇಬ್ಬರ ಹತ್ರ. ಏಕನಾಥನ ಕೈ ಪ್ಲಾಸ್ಟರಿನಾಗ ಅದ."

ಎಲ್ಲರೂ ಮಧುಕರರತ್ತ ತಿರುಗಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಬೆಂಜೀನ್ ಶುದ್ಧ ಅದನೋ ಇಲ್ಲೋ ನೋಡಾಕ ಒಂಚೂರು ತಗದಿದ್ದೆ," ಅವರ ದನಿ ಇಳಿದಿತ್ತು. "ಲಗೂ ಆಗ್ಲಿ ಅಂತ ಹಂಗ ಮುಚ್ಚಿದೆ. ಸಮಿತಿಯವರ ಅಳತಿ ಕೆಟ್ಟ ಮ್ಯಾಲೆ ಗಾಳಿ ಸೇರೇದ ಅಂತ ತಿಳೀತು. ಅಷ್ಟರಾಗ ದೂರು ಕೊಟ್ಟುಬಿಟ್ಟಿದ್ದೆ, ನನ್ನ ತಪ್ಪು ಹೇಳಿಕೊಳ್ಳಲಿಲ್ಲ."

ಮುರುಗೆಪ್ಪನವರು ದೂರನ್ನು ಹರಿದು, "ಹೋಗವಾ, ಪ್ರಬಂಧ ಬರಿ," ಎಂದರು. ನೀತಾ ಮಧುಕರರ ಮುಂದೆ ಹೋಗಿ ನಿಂತಳು.

"ಸರ್, ಇಷ್ಟು ವರ್ಷ ನಿಮ್ಮ ಹೆಸರ ಹೇಳಿಕೋತ ತಿರಗೀನಿ," ಎಂದಳು. "ಇನ್ನ ಮ್ಯಾಲೆ ನಿನ್ನ ಗೈಡ್ ಯಾರು ಅಂತ ಕೇಳಿದ್ರ ಏನ್ ಹೇಳ್ಲಿರಿ?"