ತೋರಿಕೆಯ ಪಥ್ಯ

ಅಣ್ಣ ಮಾಲಿಂಗಪ್ಪನ ಕಣ್ಣು ಮಂದವಾಗಿದ್ದಕ್ಕೆ ಊರೆಲ್ಲ ಮರುಗಿತು; ಸಿದ್ರಾಯನಿಗೆ ಮಾತ್ರ ಹೊಟ್ಟೆಕಿಚ್ಚು. ಕಣ್ಣಿನ ಒಳಪರದೆ ಸವೆಯುವ ವಂಶದ ರೋಗವಂತೆ. ಅದರ ಸರ್ಟಿಫಿಕೇಟ್ ಹಿಡಿದು, ಅಂಗವಿಕಲರ ಕೋಟಾದಲ್ಲಿ ಗುಮಾಸ್ತನಾಗಿ, ಅಣ್ಣ ಹುಕ್ಕೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತ. ಎರಡೂ ಕಣ್ಣು ನೆಟ್ಟಗಿದ್ದ ತಪ್ಪಿಗೆ ಸಿದ್ರಾಯ ಬಿಸಿಲಿನಲ್ಲಿ ಕುರಿಗಳ ಹಿಂದೆ ಉಳಿದ.

ಹೊಲ ಪಾಲಾಗಿತ್ತು, ಕುರಿ ಪಾಲಾಗಿದ್ದವು. ವಂಶದ್ದು ಎಂದ ಮೇಲೆ ರೋಗದಲ್ಲೂ ತನಗೊಂದು ಪಾಲು ಬರಬೇಕಲ್ಲ?

ಅಣ್ಣನನ್ನು ಅವನು ಪಾಠದಂತೆ ಕಲಿತ. ಮುಸ್ಸಂಜೆಗೆ ಗೋಡೆ ತಡವುವುದು, ಹೊಸ್ತಿಲು ಎಡವುವುದು, ಪಕ್ಕದಲ್ಲಿಟ್ಟ ತಂಬಿಗೆ ಉರುಳಿಸುವುದು. ಪಥ್ಯವನ್ನೂ ಬಿಡಲಿಲ್ಲ. ಡಾಕ್ಟರು ಅಣ್ಣನಿಗೆ ಹಾಲು, ಬೆಣ್ಣೆ, ತುಪ್ಪ, ಕುರಿಮಾಂಸ ಬಿಡಿಸಿದ್ದರು; ಆ ಕೊಬ್ಬು ಮೈಯಲ್ಲಿ ಕರಗದೆ ಕಣ್ಣನ್ನು ತಿನ್ನುತ್ತದಂತೆ. ಕುರಿ ಸಾಕುವವರ ಮನೆಯಲ್ಲಿ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಸಿದ್ರಾಯ ನಾಲ್ಕು ಜನರ ಎದುರು ಒಣ ರೊಟ್ಟಿ ಮುರಿದು ನಿಟ್ಟುಸಿರು ಬಿಟ್ಟ.

"ಇಬ್ರಿಗೂ ಇದ ಹಣೇಬರಾ ಬಂತಲ್ಲೋ ಯಪ್ಪಾ," ಎಂದು ತಾಯಿ ಮಾಯವ್ವ ಅತ್ತಳು.

"ಅಳಬ್ಯಾಡ ಯವ್ವಾ, ಪಥ್ಯ ಮಾಡಾಕತ್ತೇನಿ," ಎಂದ ಹುತಾತ್ಮ.

ಆದರೆ ನಾಟಕದವನಿಗೂ ಹೊಟ್ಟೆ ಉಂಟು. ಕಣ್ಣಿನ ಔಷಧಕ್ಕೆಂದು ಹೇಳಿ ವಾರಕ್ಕೆರಡು ಸಲ, ಗುರುತಿನವರಿಲ್ಲದ ಮೂಡಲಗಿಗೆ ಹೋಗಿ, ಖಾನಾವಳಿಯ ಮೂಲೆಯಲ್ಲಿ ಕುರಿಮಾಂಸದ ಮೇಲೆ ತುಪ್ಪ ಸುರಿಸಿಕೊಳ್ಳುತ್ತಿದ್ದ. ಒಂದು ಸಂಜೆ ಹೀಗೆ ಉಂಡು ಬಸ್ಸಿಗೆ ಹೊರಟವನು ಖಾಲಿ ಹಾದಿಯ ಗಟಾರಕ್ಕೆ ಬಿದ್ದ. ಮೊಳಕಾಲು ತರಚಿದರೂ ಎದೆ ಉಬ್ಬಿತು. ಅಭ್ಯಾಸ ಎಂದರೆ ಹೀಗಿರಬೇಕು, ಈಗ ಮೈಯೇ ತಾನಾಗಿ ನಟಿಸುತ್ತದೆ ಎಂದುಕೊಂಡ.

ಎರಡು ವರ್ಷ ಊರನ್ನೇ ಸಾಕ್ಷಿ ಮಾಡಿಕೊಂಡ ಮೇಲೆ, ಸರ್ಟಿಫಿಕೇಟಿನ ತಪಾಸಣೆಗೆಂದು ತಾಯಿಯ ಕೈಹಿಡಿದು ಗೋಕಾಕದ ಆಸ್ಪತ್ರೆಯನ್ನು ಎಡವುತ್ತಲೇ ಹೊಕ್ಕ. ಅಣ್ಣನನ್ನು ನೋಡುತ್ತಿದ್ದ ಡಾಕ್ಟರೇ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಸರ್ಟಿಫಿಕೇಟ್ ಕೊಡತೇನಿ. ನಿಮಗೂ ನಿಮ್ಮ ಅಣ್ಣಂದ ರೋಗ ಐತಿ. ಅವರು ಪಥ್ಯ ಹಿಡದು ಇದ್ದಷ್ಟು ಕಣ್ಣು ಉಳಿಸ್ಕೊಂಡಾರ, ನಿಮ್ಮದು ಭಾಳ ಕೆಟ್ಟೈತಿ. ಏನ್ ತಿನ್ನಾಕತ್ತೀರಿ?"

"ಬರೇ ಒಣಾ ರೊಟ್ಟಿ ರೀ ಸಾಹೇಬ್ರ," ಎಂದಳು ಮಾಯವ್ವ, ಮಗನ ಬೆನ್ನು ಸವರುತ್ತ.

ಡಾಕ್ಟರೂ ಮೋಸಹೋದರೆಂದು ಸಿದ್ರಾಯ ಮೊದಲು ಒಳಗೊಳಗೇ ನಕ್ಕ. ಆಮೇಲೆ ಮೂಡಲಗಿಯ ಗಟಾರ ನೆನಪಾಗಿ ನಗು ನಿಂತಿತು. ಆ ಸಂಜೆ ಹಾದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಟಿಸಿ ತೋರಿಸುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗಟಾರ ಅವನಿಗೆ ಕಂಡೇ ಇರಲಿಲ್ಲ.