ಕಚ್ಚಾ ಹೊಲಿಗೆಯ ತೋಳು

"ಕೈ ಸ್ವಲ್ಪ ಮೇಲೆತ್ತಿ."

ದರ್ಜಿ ಎಲಿಕೆಮ್ ಅಳತೆಯ ಟೇಪು ಹಿಡಿದು ಕಾಯುತ್ತಿದ್ದ. ಡೆಲಾಲಿ ಎರಡೂ ಕೈಗಳನ್ನು ಮೈಗೆ ಇನ್ನಷ್ಟು ಒತ್ತಿಕೊಂಡಳು.

"ಅಂದಾಜಲ್ಲೇ ಹೊಲಿದುಬಿಡಿ."

"ಅಂದಾಜಲ್ಲಿ ಹೊಲಿಯೋಕೆ ಇದೇನು ಹಿಟ್ಟಿನ ಚೀಲಾನಾ?"

ಅವಳಿಗೆ ನಗು ಬಂತು. ಅವನೂ ನಕ್ಕ. ಇಷ್ಟು ಚೆಂದ ನಗುವ ದರ್ಜಿ ಕ್ಪಾಂಡೊ ಪೇಟೆಯಲ್ಲಿ ಇದ್ದಾನೆಂದು ಯಾರೂ ಹೇಳಿರಲಿಲ್ಲವಲ್ಲ... ಆದರೂ ಅವಳು ಕೈ ಎತ್ತಲಿಲ್ಲ. ಹಳೆಯ ಕುಪ್ಪಸವೊಂದನ್ನು ಅಳತೆಗೆ ಕೊಟ್ಟು ಹೊರಟೇಬಿಟ್ಟಳು.

ಕಾರಣ ಅವಳ ಕಂಕುಳು. ಮೈಬಣ್ಣಕ್ಕಿಂತ ಎಷ್ಟೋ ಪಾಲು ಕಪ್ಪು! ಹಿಂದಿನ ವರ್ಷ ಬೋರ್ಬೋರ್ಬೋರ್ ಎಂಬ ಡೋಲಿನ ಕುಣಿತದಲ್ಲಿ ಎರಡೂ ಕೈಯ ಬಿಳಿ ಕರವಸ್ತ್ರಗಳನ್ನು ಮೇಲೆತ್ತಿ ಬೀಸುವಾಗ, "ಸ್ನಾನ ಮಾಡಲ್ವೇನೇ?" ಎಂದಿದ್ದಳು ಗೆಳತಿಯೊಬ್ಬಳು. ಬೀದಿಗೇ ಹೆಸರಾದ ಕುಣಿತಗಾತಿ ಅಂದಿನಿಂದ ಕರವಸ್ತ್ರ ಮುಟ್ಟಿರಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ಅಕ್ಕ ಮಾವುಲಿಯ ಮದುವೆ. ಕುಣಿಯುವ ಆರು ಗೆಳತಿಯರಿಗೂ ಎಲಿಕೆಮ್ ಹೊಲಿಯುವ ತೋಳಿಲ್ಲದ ಉಡುಪು, ಕುಣಿತಕ್ಕೆ ಡೆಲಾಲಿಯೇ ಮುಂದಾಳು. ಅಕ್ಕನ ಮದುವೆಯಲ್ಲೂ ಮೂಲೆ ಹಿಡಿಯಬೇಕೇ?

ದಿನವೂ ಬೆಳಿಗ್ಗೆ ನಿಂಬೆಹೋಳಿಗೆ ಪಟಿಕದ ಪುಡಿ ಹಚ್ಚಿ ತಿಕ್ಕುತ್ತಿದ್ದಳು. ಉರಿದಷ್ಟೂ ಒಳ್ಳೆಯದೆಂದು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಪೆದ್ದಿ! ಒಮ್ಮೆ, ನರ್ಸ್ ಆಗಿರುವ ಸೋದರತ್ತೆ ಆಫಿಯ ಕಣ್ಣಿಗೆ ಬಿದ್ದಳು.

"ಏನೇ ಇದು, ಕಂಕುಳನ್ನ ಮೀನಿನ ಹಾಗೆ ಹುರಿಯೋಕೆ ಹೊರಟಿದೀಯಾ?"

"ಕೊಳೆ ಹೋಗ್ಲಿ ಅಂತ ಅತ್ತೆ..."

"ಕೊಳೆ ಅಲ್ಲ ಕಣೇ. ಉರಿಸಿದಷ್ಟೂ, ಕೆರೆದಷ್ಟೂ ಚರ್ಮ ಕಪ್ಪಾಗುತ್ತೆ. ನಿಂಬೆ, ಪಟಿಕ, ದಿನಾ ರೇಜರು, ಬಿಗಿ ಬಟ್ಟೆ... ಎಲ್ಲ ಬಿಡು."

ಅತ್ತೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. "ಸಕ್ಕರೆ ಕಾಯಿಲೆ ಬರೋ ಮುಂಚೆ ಕೆಲವರಿಗೆ ಹೀಗೆ ದಪ್ಪಗೆ ಕಪ್ಪಾಗುತ್ತೆ. ಪುಣ್ಯ, ನಿಂಗಿಲ್ಲ."

"ಸಂತೇಲಿ ಬಿಳಿ ಮಾಡೋ ಕ್ರೀಮು ಸಿಗುತ್ತಂತೆ..."

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ. ಸಾದಾ ಸೋಪು, ಹಚ್ಕೊಳ್ಳೋಕೆ ಸ್ವಲ್ಪ ಶಿಯಾ ಬೆಣ್ಣೆ, ಸಡಿಲವಾದ ಹತ್ತಿ ಬಟ್ಟೆ. ತಿಂಗಳುಗಟ್ಟಲೆ ಹಿಡಿಯುತ್ತೆ. ಪೂರ್ತಿ ಹೋಗದೇನೂ ಇರಬಹುದು. ಹೋಗದಿದ್ರೆ ಏನೀಗ?"

ವಾರದಲ್ಲಿ ಉರಿ ನಿಂತಿತು. ಮೂರು ತಿಂಗಳಲ್ಲಿ ಕಪ್ಪು ಕೊಂಚ ತೆಳುವಾಯಿತು. ಅಷ್ಟರಲ್ಲಿ ಗುಂಡಿ, ಲೇಸು, ದಾರ ಎಂದು ನೆಪ ಹುಡುಕಿ ಡೆಲಾಲಿ ಅಂಗಡಿಗೆ ಹನ್ನೊಂದು ಸಲ ಹೋಗಿದ್ದಳು! ಅವನೂ ಸುಟ್ಟ ಬಾಳೆಕಾಯಿ, ಕಡಲೆಕಾಯಿಯನ್ನು ಎರಡು ಪಾಲು ತರಿಸಿಡುತ್ತಿದ್ದ. ಒಮ್ಮೆ ಮೈಮರೆತು ಮೇಲಿನ ಹಲಗೆಯ ಬಟ್ಟೆಗೆ ಕೈ ಚಾಚಿದಾಗ ಅವಳ ಕಂಕುಳನ್ನು ಅವನು ನೋಡಿದ್ದ. ಅವಳು ಥಟ್ಟನೆ ಕೈ ಇಳಿಸಿಕೊಂಡಿದ್ದಳು.

ಮದುವೆಗೆ ವಾರವಿರುವಾಗ ಉಡುಪುಗಳು ತಯಾರಾದವು. ಐದಕ್ಕೆ ತೋಳಿಲ್ಲ. ಅವಳದಕ್ಕೆ ಮಾತ್ರ ಮೊಣಕೈವರೆಗೆ ತೋಳು.

'ನೋಡಿ ಅಸಹ್ಯಪಟ್ಟಿದ್ದಾನೆ... ಮುಚ್ಚಿಟ್ಟಿದ್ದಾನೆ.'

"ಡೆಲಾಲಿ, ಒಂದು ಮಾತು..."

ಎಲಿಕೆಮ್ ಕರೆದರೂ ಅವಳು ಉಡುಪು ಎತ್ತಿಕೊಂಡು ಹೊರಟಳು, ತಿರುಗಿಯೂ ನೋಡಲಿಲ್ಲ. ಮನೆಗೆ ಬಂದು ಮನಸಾರೆ ಅತ್ತಳು.

ಮದುವೆಯ ಮಧ್ಯಾಹ್ನ ಡೋಲು ಶುರುವಾಯಿತು. ಗೆಳತಿಯರ ಕೈಯಲ್ಲಿ ಕರವಸ್ತ್ರಗಳು ಹಾರಾಡುತ್ತಿದ್ದವು. ಡೆಲಾಲಿ ತೋಳಿನ ಉಡುಪು ತೊಟ್ಟು ಮಾವಿನ ಮರದ ಕೆಳಗೆ ಕೈ ಕಟ್ಟಿ ನಿಂತಿದ್ದಳು. ಎಲಿಕೆಮ್ ಪಕ್ಕಕ್ಕೆ ಬಂದ.

"ಯಾಕೆ ಅಂಗಡಿ ಕಡೆ ಬರಲಿಲ್ಲ?"

"ಅಸಹ್ಯಪಟ್ಟು ತೋಳು ಹೊಲಿದವರ ಹತ್ರ ಯಾಕೆ ಬರ್ಲಿ?"

"ಅಸಹ್ಯಾನಾ? ನಾನು ದಿನಾ ಹತ್ತು ಜನರ ಅಳತೆ ತಗೊಳ್ಳೋನು. ಅರ್ಧ ಊರಿನ ಕಂಕುಳು ಹಾಗೇ ಇರುತ್ತೆ. ನೀವು ಇಡೀ ದಿನ ಕೈ ಮುದುರಿಕೊಂಡು ಸಂಕಟಪಡಬಾರ್ದು ಅಂತ ತೋಳು ಇಟ್ಟೆ. ಭುಜದ ಹೊಲಿಗೆ ಒಳಗೆ ಮುಟ್ಟಿ ನೋಡಿ, ಒಂದು ದಾರದ ಗಂಟಿದೆ."

ಇತ್ತು.

"ಕಚ್ಚಾ ಹೊಲಿಗೆ. ಎಳೆದ್ರೆ ಬಿಚ್ಚುತ್ತೆ. ಇಟ್ಕೊಳ್ಳೋದೂ ಬಿಡೋದೂ ನಿಮ್ಮಿಷ್ಟ. ಹೇಳೋಣ ಅಂದ್ರೆ ನೀವು ನಿಲ್ಲಲೇ ಇಲ್ಲ."

ಅವಳ ಕಣ್ಣು ತುಂಬಿತು. ಇವನ ಮೇಲೆ ಸಿಟ್ಟಾಗಿ ಒಂದು ವಾರ ಹಾಳುಮಾಡಿದೆನಲ್ಲ... ಗಂಟು ಹಿಡಿದು ಎಳೆದಳು. ಸರ್ರನೆ ಒಂದು ತೋಳು, ಆಮೇಲೆ ಇನ್ನೊಂದು. ಎರಡನ್ನೂ ಅವನ ಕೈಗಿಟ್ಟು, ಕರವಸ್ತ್ರ ತೆಗೆದುಕೊಂಡು ಕುಣಿತದ ನಡುವೆ ಹೋದಳು. ಕೈಗಳು ಮೇಲೆದ್ದವು. ಹಿಂದಿನ ವರ್ಷ ಹಂಗಿಸಿದ್ದ ಆ ಗೆಳತಿಯೂ ಅಲ್ಲೇ ಇದ್ದಳು, ಇರಲಿ!

ಬೆವರೊರೆಸಿಕೊಂಡು ಬಂದಾಗ ಅವನು ಅಲ್ಲೇ ನಿಂತಿದ್ದ, ತೋಳುಗಳನ್ನು ಜೋಪಾನವಾಗಿ ಮಡಿಸಿಕೊಂಡು.

"ಈಗಲಾದ್ರೂ ಸರಿಯಾಗಿ ಅಳತೆ ಕೊಡ್ತೀರಾ?"

"ಯಾವ ಬಟ್ಟೆಗೆ?"

"ಮದುವೆ ಬಟ್ಟೆಗೆ... ನೀವು ಒಪ್ಪಿದ್ರೆ."

ಡೆಲಾಲಿ ಎರಡೂ ಕೈಗಳನ್ನು ಮೇಲೆತ್ತಿ ನಿಂತಳು.

"ತಗೋ. ಅಂದಾಜಲ್ಲಿ ಹೊಲಿಬೇಡ, ಅಷ್ಟೇ."